ಗಡ್ಡಾ ಜಾತ್ರೆ: ಸೊಲ್ಲಾಪುರದ ಏಳು ನಂದಿಧ್ವಜಗಳು

ಪ್ರತಿವರ್ಷ ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದಲ್ಲಿ ಒಂದು ಮದುವೆ ನಡೆಯುತ್ತದೆ. ವರನ ಸ್ಥಾನದಲ್ಲಿ ಇರುವುದು ಒಬ್ಬ ಯೋಗಿಯ ದಂಡ. ವಧು ಕುಂಬಾರರ ಮನೆಯ ಮಗಳು. ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮೇಶ್ವರರ ಹೆಸರಿನ ಈ ಉತ್ಸವಕ್ಕೆ ಊರಿನಲ್ಲಿ ಗಡ್ಡಾ ಜಾತ್ರೆ ಎಂದೇ ರೂಢಿ. ಜಾತ್ರೆ ನಡೆಯುವುದು ಮಹಾರಾಷ್ಟ್ರದಲ್ಲಿ, ನಂದಿಧ್ವಜ ಹೊರುವ ಯುವಕರಲ್ಲಿ ಹೆಚ್ಚಿನವರು ಓದಿದ್ದು ಮರಾಠಿ ಶಾಲೆಯಲ್ಲಿ, ಆದರೆ ಮದುವೆಯ ಸಮ್ಮತಿಯನ್ನು ಓದುವುದು ಮಾತ್ರ ಕನ್ನಡದಲ್ಲಿ.

ಸೊಲ್ಲಾಪುರದ ಹಳೆಯ ಹೆಸರು ಸೊನ್ನಲಿಗೆ. ಮುದ್ದುಗೌಡ, ಸುಗ್ಗವ್ವೆಯರ ಮಗನಾಗಿ ಇಲ್ಲಿ ಹುಟ್ಟಿದ ಸಿದ್ಧರಾಮರ ಕತೆಯನ್ನು ಹದಿಮೂರನೆಯ ಶತಮಾನದಲ್ಲಿ ರಾಘವಾಂಕ ಕಾವ್ಯವಾಗಿಸಿದ. ಹೊಲ ಕಾಯುತ್ತಿದ್ದ ಹುಡುಗನ ಬಳಿಗೆ ಶ್ರೀಶೈಲದ ದೈವ ಮಲ್ಲಯ್ಯ ಜಂಗಮನ ವೇಷದಲ್ಲಿ ಬಂದು ಎಳೆಯ ಜೋಳದ ಬೆಳಸಿ ತಿಂದದ್ದು, ಮಜ್ಜಿಗೆ ತರಲು ಹುಡುಗ ಮನೆಗೆ ಓಡಿದಾಗ ಮಾಯವಾದದ್ದು, ಅವನನ್ನು ಹುಡುಕುತ್ತ ಹುಡುಗ ಶ್ರೀಶೈಲದವರೆಗೆ ಹೋದದ್ದು, ಈ ಭಾಗದ ಮನೆಮನೆಯಲ್ಲಿ ಇಂದಿಗೂ ಮಕ್ಕಳಿಗೆ ಹೇಳುವ ಕತೆ. ಶ್ರೀಶೈಲದಿಂದ ಮರಳಿ ಬಂದ ಸಿದ್ಧರಾಮರು ಊರಿನಲ್ಲಿ ಮಲ್ಲಿಕಾರ್ಜುನನ ಗುಡಿ ಕಟ್ಟಿಸಿದರು, ಕೆರೆ ತೋಡಿಸಿದರು, ಬಡವರ ಮಕ್ಕಳಿಗೆ ಸಾಮೂಹಿಕ ವಿವಾಹ ಮಾಡಿಸಿದರು. ಊರಿನ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದರೆಂದು ನಂಬಿಕೆ. ಕೆರೆಯ ನೀರಿನ ನಡುವೆ, ಕೋಟೆಯ ಮಗ್ಗುಲಲ್ಲಿ ಈಗ ಕಾಣುವ ಸಿದ್ಧೇಶ್ವರ ಗುಡಿಯ ಆವರಣದಲ್ಲಿ ಅವರ ಯೋಗಸಮಾಧಿ ಇದೆ.

ಮುಂದಿನ ಘಟ್ಟ ಶೂನ್ಯಸಂಪಾದನೆ ಓದಿದವರಿಗೆ ಪರಿಚಿತ. ಅಲ್ಲಮಪ್ರಭು ಸೊನ್ನಲಿಗೆಗೆ ಬಂದರು. ಗುಡಿ ಕಟ್ಟುವ, ಕೆರೆ ತೋಡುವ ಪುಣ್ಯದ ಬೆನ್ನು ಹತ್ತಿದ್ದ ಸಿದ್ಧರಾಮರನ್ನು ಕೆಣಕಿ, ವಾದಿಸಿ, ಕೊನೆಗೆ ಕಲ್ಯಾಣಕ್ಕೆ ಕರೆದೊಯ್ದರು. ಅಲ್ಲಿ ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆಯಾಯಿತು. ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಅವರ ಸಾವಿರಕ್ಕೂ ಮಿಕ್ಕ ವಚನಗಳು ಉಳಿದಿವೆ. ಹೀಗಾಗಿ ಒಬ್ಬನೇ ಸಿದ್ಧರಾಮನಲ್ಲಿ ಇಬ್ಬರಿದ್ದಾರೆ. ಸ್ಥಾವರಲಿಂಗಗಳನ್ನು ನೆಟ್ಟ ಕರ್ಮಯೋಗಿ ಒಬ್ಬ. ಅದನ್ನು ದಾಟಿ ಅಂಗೈಯ ಲಿಂಗಕ್ಕೆ ಬಂದ ಶರಣ ಇನ್ನೊಬ್ಬ. ವಚನ ಗೋಷ್ಠಿಗಳು ಎರಡನೆಯವನನ್ನು ನೆನೆದರೆ ಗಡ್ಡಾ ಜಾತ್ರೆ ಪೂರ್ತಿಯಾಗಿ ಮೊದಲನೆಯವನದು. ಅಲ್ಲಮ ಅಷ್ಟು ವಾದಿಸಿ ಗೆದ್ದರೂ ಊರು ಮಾತ್ರ ಕೆರೆಯನ್ನೂ ಲಿಂಗಗಳನ್ನೂ ಬಿಟ್ಟುಕೊಟ್ಟಿಲ್ಲ.

ಮದುವೆಯ ಐತಿಹ್ಯ ಹೀಗಿದೆ. ಗುಡಿಯ ಅಂಗಳ ಸಾರಿಸಿ ರಂಗೋಲಿ ಹಾಕುತ್ತಿದ್ದ ಕುಂಬಾರರ ಹುಡುಗಿಯೊಬ್ಬಳು ಸಿದ್ಧರಾಮರನ್ನೇ ಮದುವೆಯಾಗುವೆನೆಂದು ಹಟ ಹಿಡಿದಳು. ತಾವು ಬ್ರಹ್ಮಚಾರಿ, ಬೇಕಿದ್ದರೆ ತಮ್ಮ ಯೋಗದಂಡವನ್ನು ವರಿಸಬಹುದು ಎಂದರು ಅವರು. ಅವಳು ಒಪ್ಪಿದಳು. ಮದುವೆಯ ಮರುದಿನ ಅಗ್ನಿಪ್ರವೇಶ ಮಾಡಿದಳು ಎಂಬಲ್ಲಿಗೆ ಕತೆ ಮುಗಿಯುತ್ತದೆ. ಜಾತ್ರೆಯ ಎಲ್ಲ ವಿಧಿಗಳೂ ಈ ಕತೆಯ ಹೆಜ್ಜೆಯಲ್ಲೇ ಸಾಗುತ್ತವೆ. ಆ ಯೋಗದಂಡದ ಪ್ರತೀಕವೇ ಏಳು ನಂದಿಧ್ವಜಗಳು.

ನಂದಿಧ್ವಜವೆಂದರೆ ಎರಡಂತಸ್ತಿನ ಮನೆಯಷ್ಟು ಎತ್ತರದ ಕಂಬ. ಜನರ ಬಾಯಲ್ಲಿ ಅದು ಕಾಠಿ. ಕರ್ನಾಟಕದ ಜಾತ್ರೆಗಳಲ್ಲಿ ಕಾಣುವ ನಂದಿಕೋಲಿನ ಬಳಗಕ್ಕೆ ಸೇರಿದ್ದಾದರೂ ಇಲ್ಲಿ ಅದರ ಮರ್ಯಾದೆಯೇ ಬೇರೆ. ಸೊಂಟಕ್ಕೆ ಬಿಗಿದ ಪಟ್ಟಿಯಲ್ಲಿ ಬುಡವನ್ನು ನಿಲ್ಲಿಸಿ ಒಬ್ಬನೇ ಅದನ್ನು ನೆಟ್ಟಗೆ ಹಿಡಿದು ನಡೆಯಬೇಕು. ದಣಿದರೆ ಪಕ್ಕದವನು ಭಾರ ತೆಗೆದುಕೊಳ್ಳುತ್ತಾನೆ. ತೋಳಿನ ಕಸುವಿಗಿಂತ ಹೆಚ್ಚಾಗಿ ಸಮತೋಲ ಬೇಕಾಗುವ ಕೆಲಸವಿದು. ಇದಕ್ಕೆ ತಿಂಗಳುಗಳ ಮೊದಲೇ ತಾಲೀಮು ಶುರುವಾಗುತ್ತದೆ. ರಾತ್ರಿ ಊಟ ಮುಗಿಸಿದ ಹುಡುಗರು ಓಣಿಯಲ್ಲಿ ಕಾಠಿ ಎತ್ತಿ ಅಭ್ಯಾಸ ಮಾಡುತ್ತಾರೆ. ಜಾತ್ರೆಯ ದಿನಗಳಲ್ಲಿ ಹೊರುವವರ ಉಡುಪು ಬಿಳಿ ಬಾರಾಬಂದಿ, ಧೋತರ, ತಲೆಗೆ ಪೇಟ. ಕಾಠಿಯಷ್ಟೇ ಶಿಸ್ತು ಈ ಬಿಳಿ ಬಟ್ಟೆಯಿಂದಲೂ ಬರುತ್ತದೆ. ಬಾರಾಬಂದಿ ತೊಟ್ಟವನು ವ್ಯಾಪಾರಿಯೋ ಗಿರಣಿ ಕಾರ್ಮಿಕನೋ ಎಂದು ಗುರುತಿಸಲು ಆಗುವುದಿಲ್ಲ.

ಜನವರಿ 13ರಂದು ಎಣ್ಣೆಮಜ್ಜನ. ಉತ್ತರ ಕಸಬಾದ ಹಿರೇಹಬ್ಬು ವಾಡೆಯಿಂದ ಹೊರಟ ಧ್ವಜಗಳು 68 ಲಿಂಗಗಳನ್ನೂ ಸುತ್ತಿ ಬರುತ್ತವೆ. ಪ್ರತಿ ಲಿಂಗಕ್ಕೂ ಎಣ್ಣೆಯ ಅಭಿಷೇಕ. ಹಳೆಯ ಊರಿನ ಎಲ್ಲೆ ಎಲ್ಲಿಂದ ಎಲ್ಲಿಯವರೆಗಿತ್ತು ಎಂದು ತಿಳಿಯಬೇಕಾದವರು ಅಂದು ಮೆರವಣಿಗೆಯ ಹಿಂದೆ ನಡೆದರೆ ಸಾಕು. ಅದೇ ದಿನ ಮನೆಗಳಲ್ಲಿ ಭೋಗಿ: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಲವು ಕಾಯಿಪಲ್ಯ ಕೂಡಿಸಿದ ಭಾಜಿ, ಶೇಂಗಾ ಹಿಂಡಿ.

14ರಂದು ಅಕ್ಷತೆ. ಇದೇ ಜಾತ್ರೆಯ ಮುಖ್ಯ ದಿನ. ಬಾಸಿಂಗ ಕಟ್ಟಿಸಿಕೊಂಡ ಧ್ವಜಗಳು ಮಧ್ಯಾಹ್ನದ ಹೊತ್ತಿಗೆ ಗುಡಿಯ ಬಳಿಯ ಸಮ್ಮತಿ ಕಟ್ಟೆಗೆ ಬಂದು ನಿಲ್ಲುತ್ತವೆ. ಹಿರೇಹಬ್ಬು ಮನೆತನದ ಮಾನಕರಿಗಳು, ಅಂದರೆ ವಿಧಿಯ ಹಕ್ಕುಳ್ಳವರು, ಸುಗಡಿ ಪೂಜೆ ನೆರವೇರಿಸಿದ ಮೇಲೆ ಸಮ್ಮತಿಯ ಪ್ರತಿಯನ್ನು ಶೇಟೆ ಮನೆತನದವರ ಕೈಗೆ ಒಪ್ಪಿಸುತ್ತಾರೆ. ಓದುವ ಹಕ್ಕು ಅವರದು. ಸಿದ್ಧರಾಮರೇ ಬರೆದದ್ದೆಂದು ನಂಬಲಾದ ಆ ಕನ್ನಡ ಪಾಠದ ಒಂದೊಂದು ಚರಣ ಮುಗಿದಾಗಲೂ ಲಕ್ಷಾಂತರ ಕೈಗಳಿಂದ ಅಕ್ಷತೆ ಹಾರುತ್ತದೆ. ಕೆರೆಯ ದಂಡೆ, ಕಟ್ಟಡಗಳ ಮಾಳಿಗೆ, ರಸ್ತೆ, ಎಲ್ಲಿ ನೋಡಿದರೂ ಜನ. ಅಲ್ಲಿ ನಿಂತವರಲ್ಲಿ ಪಾಠದ ಪ್ರತಿಪದಾರ್ಥ ಬಲ್ಲವರು ಕಡಿಮೆ. ಯಾವ ಪದಕ್ಕೆ ಅಕ್ಷತೆ ಹಾಕಬೇಕೆಂಬುದು ಮಾತ್ರ ಮಕ್ಕಳಿಗೂ ಗೊತ್ತು.

15ರ ರಾತ್ರಿ ಹೋಮ ಮೈದಾನದಲ್ಲಿ ಸಜ್ಜೆಯ ದಂಟಿನಿಂದ ಮಾಡಿದ ವಧುವಿನ ಪ್ರತಿಮೆಗೆ ಸೀರೆ ಉಡಿಸಿ ಅಗ್ನಿಗೆ ಅರ್ಪಿಸುತ್ತಾರೆ. ಅಂದಿನ ಮೆರವಣಿಗೆಯಲ್ಲಿ ಒಂದು ಧ್ವಜಕ್ಕೆ ನಾಗಫಣಿ ಕಟ್ಟಿರುತ್ತಾರೆ. ಅದನ್ನು ಹೊರುವುದು ದೊಡ್ಡ ಪಂಥ. ಆಮೇಲೆ ಭಾಕಣೂಕ. ದೇಶಮುಖ ಮನೆತನದ ಕರುವನ್ನು ದಿನವಿಡೀ ಉಪವಾಸ ಕೆಡವಿ, ಎದುರಿಗೆ ಕಾಳುಕಡಿ, ಬೆಲ್ಲ, ಹಣ್ಣುಗಳನ್ನಿಟ್ಟು, ಅದು ಯಾವುದನ್ನು ಮೂಸಿತು, ಯಾವುದನ್ನು ತಿಂದಿತು, ಬೆದರಿತೇ ಇಲ್ಲವೇ ಎಂದು ನೋಡಿ ವರ್ಷದ ಮಳೆ, ಬೆಳೆ, ಧಾರಣೆ ಹೇಳುತ್ತಾರೆ. ಬರಪೀಡಿತ ಜಿಲ್ಲೆಯಲ್ಲಿ ಈ ಸುದ್ದಿಗೆ ಮರುದಿನದ ಪತ್ರಿಕೆಗಳಲ್ಲಿ ಜಾಗ ಇದ್ದೇ ಇರುತ್ತದೆ. 16ರಂದು ಮದ್ದುಗುಂಡಿನ ಆಟ, 17ರಂದು ಧ್ವಜಗಳ ಉಡುಗೆ ಕಳಚುವ ಕಪ್ಪಡಕಳಿ. ಮೈದಾನದ ಅಂಗಡಿ, ತೊಟ್ಟಿಲು, ಸರ್ಕಸ್ಸುಗಳ ಗಡ್ಡಾ ಅದರಾಚೆಗೂ ಕೆಲ ದಿನ ನಡೆಯುತ್ತದೆ.

ಏಳು ಧ್ವಜಗಳಲ್ಲಿ ಮೊದಲನೆಯದು ದೇವಸ್ಥಾನದ್ದು. ಉಳಿದವುಗಳ ಮಾನ ಬೇರೆ ಬೇರೆ ಸಮಾಜಗಳಿಗೆ ಹಂಚಿದೆ. ಮಾಳಿ, ವಿಶ್ವಬ್ರಾಹ್ಮಣ, ಮಾತಂಗ ಸಮಾಜಗಳು ಅವುಗಳಲ್ಲಿ ಸೇರಿವೆ. ವಧುವಿನ ಕಡೆಯವರಾದ ಕುಂಬಾರರಿಗೆ ಬೀಗರ ಗೌರವ. ಅಸ್ಪೃಶ್ಯತೆ ಗಟ್ಟಿಯಾಗಿದ್ದ ಶತಮಾನಗಳಲ್ಲೂ ಮಾತಂಗರ ಧ್ವಜ ಮೆರವಣಿಗೆಯ ಸಾಲಿನಲ್ಲಿತ್ತು ಎನ್ನುವುದನ್ನು ಊರು ಹೆಮ್ಮೆಯಿಂದ ಹೇಳುತ್ತದೆ. ಆ ಹೆಮ್ಮೆಗೆ ಕಾರಣವಿದೆ. ಆದರೂ ಧ್ವಜಗಳ ಕ್ರಮ ಬದಲಾಗದೆ ಬಂದಿರುವುದನ್ನೂ, ವಧುವಿನ ಪಾಲಿಗೆ ಬಂದದ್ದು ಬೆಂಕಿ ಎನ್ನುವುದನ್ನೂ ಅದರ ಜೊತೆಗೇ ನೋಡಬೇಕಾಗುತ್ತದೆ. ಹೆಣ್ಣು ಗಂಡೆಂಬ ಭೇದವನ್ನು ಪ್ರಶ್ನಿಸಿದ ಶರಣರ ಸಾಲಿಗೆ ಸೇರಿದವನ ಜಾತ್ರೆ ಇದು ಎಂಬುದು ನೆನಪಾದಾಗ ಹೋಮದ ರಾತ್ರಿ ಇಕ್ಕಟ್ಟಾಗಿ ಕಾಣದಿರದು.

ನಂಬಿಕೆ ಮತ್ತು ಭಾಷೆ ಸೇರಿ ಒಂದು ಜನಾಂಗದ ಗುರುತಾಗುವುದಕ್ಕೆ ಲೋಕದಲ್ಲಿ ಹೆಸರಾದ ಉದಾಹರಣೆ ಆರ್ಮೇನಿಯಾ. ಕ್ರಿ.ಶ. 301ರಲ್ಲಿ ಕ್ರೈಸ್ತಧರ್ಮವನ್ನು ರಾಜ್ಯಧರ್ಮವಾಗಿ ಸ್ವೀಕರಿಸಿದೆವೆಂಬ ಪರಂಪರೆ ಅವರದು. 405ರ ಸುಮಾರಿಗೆ ಮೆಸ್ರೋಪ್ ಮಾಶ್ತೋತ್ಸ್ ಎಂಬ ಸನ್ಯಾಸಿ ರೂಪಿಸಿದ ಲಿಪಿ ಅವರ ಚರ್ಚಿನ ಲಿಪಿಯೂ ಹೌದು, ಶಾಲೆಯ ಲಿಪಿಯೂ ಹೌದು. ದೇಶಬಿಟ್ಟು ಚದುರಿದಾಗಲೂ ಅವರು ಚರ್ಚು ಮತ್ತು ಅಕ್ಷರಗಳನ್ನು ಒಟ್ಟಿಗೇ ಒಯ್ದರು. ಜಗತ್ತಿನ ಮೊದಲ ಆರ್ಮೇನಿಯನ್ ಪತ್ರಿಕೆ ‘ಅಜ್ದರಾರ್’ 1794ರಲ್ಲಿ ಅಚ್ಚಾದದ್ದು ಮದರಾಸಿನಲ್ಲಿ, ಅದನ್ನು ಹೊರತಂದವರು ಒಬ್ಬ ಪಾದ್ರಿ. ಸೊಲ್ಲಾಪುರದ ದಾರಿ ಬೇರೆ. ಇಲ್ಲಿ ನಂಬಿಕೆ ಒಂದು ಭಾಷೆಯ ಬೇಲಿಯೊಳಗೆ ಉಳಿಯಲಿಲ್ಲ. ಕನ್ನಡ, ಮರಾಠಿ, ನೇಕಾರ ಪದ್ಮಶಾಲಿಗಳ ತೆಲುಗು, ದಖನಿ ಉರ್ದು, ನಾಲ್ಕೂ ಒಂದೇ ಓಣಿಯಲ್ಲಿ ಕೇಳಿಬರುವ ಊರಿನಲ್ಲಿ ಸಿದ್ಧರಾಮ ಎಲ್ಲರಿಗೂ ಗ್ರಾಮದೈವ. ಮರಾಠಿ ಪತ್ರಿಕೆಗಳೂ ಎಣ್ಣೆಮಜ್ಜನ, ಕಪ್ಪಡಕಳಿ ಎಂದೇ ಅಚ್ಚು ಹಾಕುತ್ತವೆ. ಕನ್ನಡ ಇಲ್ಲಿ ವಿಧಿಯ ಒಳಗೆ ಕುಳಿತು ಬದುಕಿದೆ. ವಿಧಿಯ ಹೊರಗೆ ಅದರ ಕತೆ ಅಷ್ಟು ಸಲೀಸಾಗಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿನ ವರ್ತಕ ಮಲ್ಲಪ್ಪ ಬಸಪ್ಪ ವಾರದ ಅವರು ವೀರಶೈವ ಗ್ರಂಥಗಳ ದೊಡ್ಡ ಮಾಲೆಯನ್ನೇ ಪ್ರಕಟಿಸಿದರು. ಅದರ ಭಾಷೆ ಸಂಸ್ಕೃತ ಮತ್ತು ಮರಾಠಿ. ಅವರು ಕಟ್ಟಿಸಿದ ಇಂದ್ರಭುವನದಲ್ಲಿ ಈಗ ಮಹಾನಗರಪಾಲಿಕೆ ಇದೆ. 1930ರ ಮೇ ತಿಂಗಳಲ್ಲಿ ಬ್ರಿಟಿಷರು ಸೊಲ್ಲಾಪುರದ ಮೇಲೆ ಲಷ್ಕರಿ ಕಾಯ್ದೆ ಹೇರಿದರು. ಆ ಪ್ರಕರಣದಲ್ಲಿ 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿದವರು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ. ನಾಲ್ಕು ಹೆಸರುಗಳು ನಾಲ್ಕು ಸಮುದಾಯದವು. ಹುತಾತ್ಮ ದಿನ ಜಾತ್ರೆಯ ವಾರದಲ್ಲೇ ಬರುವುದರಿಂದ ಊರು ಎರಡನ್ನೂ ಒಟ್ಟಿಗೆ ಆಚರಿಸುತ್ತದೆ.

1950ರಲ್ಲಿ ಎಂ.ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೊಲ್ಲಾಪುರದಲ್ಲಿ ಸೇರಿದಾಗ ಏಕೀಕರಣದ ಆಸೆ ಜೀವಂತವಾಗಿತ್ತು. 1956ರ ಪುನರ್ವಿಂಗಡಣೆಯಲ್ಲಿ ಊರು ಮುಂಬಯಿ ರಾಜ್ಯದಲ್ಲೇ ಉಳಿಯಿತು. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಪ್ರದೇಶಗಳನ್ನು ಕರ್ನಾಟಕಕ್ಕೆ ಕೊಡಬೇಕೆಂದು 1967ರಲ್ಲಿ ಮಹಾಜನ ಆಯೋಗ ಮಾಡಿದ ಶಿಫಾರಸು ಜಾರಿಗೆ ಬರಲೇ ಇಲ್ಲ. ಈ ಎಳೆದಾಟವನ್ನು ಒಂದೇ ಬಾಳಿನಲ್ಲಿ ಕಾಣಬೇಕಾದರೆ ಜಯದೇವಿತಾಯಿ ಲಿಗಾಡೆ ಅವರನ್ನು ನೋಡಬೇಕು. 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿ ಮರಾಠಿಯಲ್ಲಿ ಓದಿದ ಅವರು ಕನ್ನಡವನ್ನು ತಾವಾಗಿ ಕಲಿತು, ಸಿದ್ಧರಾಮೇಶ್ವರ ಪುರಾಣವನ್ನು ತ್ರಿಪದಿಯಲ್ಲಿ ಬರೆದರು. ವಚನಗಳನ್ನು ಮರಾಠಿಗೆ ಕೊಟ್ಟರು. ಸೊಲ್ಲಾಪುರ ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದರು. 1974ರ ಮಂಡ್ಯ ಸಮ್ಮೇಳನದಲ್ಲಿ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷರಾದರು. ಕೊನೆಯ ವರ್ಷಗಳನ್ನು ಕಳೆದದ್ದು ಬಸವಕಲ್ಯಾಣದಲ್ಲಿ.

ಅಕ್ಕಲಕೋಟದ ಚಿತ್ರ ಸ್ವಲ್ಪ ಬೇರೆ. 1948ರವರೆಗೆ ಭೋಸಲೆ ಅರಸರ ಸಂಸ್ಥಾನವಾಗಿದ್ದ ಈ ಊರಿಗೆ ಹೊರಗಿನವರು ಬರುವುದು ಸ್ವಾಮಿ ಸಮರ್ಥರ ದರ್ಶನಕ್ಕೆ. 1856ರಲ್ಲಿ ಬಂದ ಅವರು 1878ರಲ್ಲಿ ಸಮಾಧಿಸ್ಥರಾಗುವವರೆಗೆ ಇಲ್ಲಿಯೇ ಇದ್ದರು. ವಟವೃಕ್ಷದ ಗುಡಿ, ಅನ್ನಛತ್ರ, ಪುಣೆ–ಮುಂಬಯಿಯ ಭಕ್ತರು, ಎಲ್ಲವೂ ಮರಾಠಿಮಯ. ಊರು ದಾಟಿ ದುಧನಿ, ಮೈಂದರ್ಗಿ, ನಾಗಣಸೂರು, ವಾಗದರಿಗಳ ಕಡೆ ಹೊರಟರೆ ಕಟ್ಟೆಯ ಮಾತು ಕನ್ನಡಕ್ಕೆ ತಿರುಗುತ್ತದೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಅವುಗಳಿಗೆ ಕನ್ನಡ ಪಠ್ಯಪುಸ್ತಕ ಅಚ್ಚು ಹಾಕಿಕೊಡುವುದು ಪುಣೆಯ ಬಾಲಭಾರತಿ. 2020ರ ಕಾಯ್ದೆಯಿಂದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯವಾಗಿದೆ. ಕನ್ನಡ ಮಾಧ್ಯಮದಲ್ಲಿ ಕಲಿತವನಿಗೆ ಮಹಾರಾಷ್ಟ್ರದಲ್ಲಿ ನೌಕರಿಯ ದಾರಿ ಕಿರಿದು, ಕರ್ನಾಟಕದಲ್ಲಿ ಅವನು ಹೊರನಾಡಿನವನು. ತಾಯಿತಂದೆಯರು ಮಕ್ಕಳನ್ನು ಮರಾಠಿ ಇಲ್ಲವೇ ಇಂಗ್ಲಿಷ್ ಶಾಲೆಗೆ ಹಾಕಲು ಅಭಿಮಾನದ ಕೊರತೆಗಿಂತ ಈ ಲೆಕ್ಕಾಚಾರವೇ ಹೆಚ್ಚಿನ ಕಾರಣ. 2022ರ ಕೊನೆಗೆ ತಾಲ್ಲೂಕಿನ ಕೆಲವು ಗ್ರಾಮ ಪಂಚಾಯತಿಗಳು ಕರ್ನಾಟಕಕ್ಕೆ ಸೇರುವ ಠರಾವು ಮಾಡಿದಾಗಲೂ ಮುಂದಿದ್ದ ದೂರು ರಸ್ತೆ ಮತ್ತು ನೀರಿನದಾಗಿತ್ತು.

ಗುರುತಿನ ಜಗಳಗಳು ಸಿದ್ಧರಾಮರ ಹೆಸರನ್ನೂ ಬಿಟ್ಟಿಲ್ಲ. 2004ರಲ್ಲಿ ಸ್ಥಾಪನೆಯಾದ ಸೊಲ್ಲಾಪುರ ವಿಶ್ವವಿದ್ಯಾಲಯಕ್ಕೆ ಸಿದ್ಧೇಶ್ವರರ ಹೆಸರಿಡಬೇಕೆಂದು ಲಿಂಗಾಯತ ಸಂಘಟನೆಗಳೂ ಅಹಿಲ್ಯಾದೇವಿ ಹೋಳ್ಕರರ ಹೆಸರಿಡಬೇಕೆಂದು ಧನಗರ ಸಂಘಟನೆಗಳೂ ಬಹುಕಾಲ ಪಟ್ಟು ಹಿಡಿದಿದ್ದವು. 2019ರಲ್ಲಿ ಅಹಿಲ್ಯಾದೇವಿಯವರ ಹೆಸರು ಬಂತು. ಸಮುದಾಯಗಳು ಒಬ್ಬೊಬ್ಬ ಮಹಾತ್ಮರನ್ನು ತಮ್ಮವರೆಂದು ಬರೆಸಿಕೊಳ್ಳುವ ಈ ಕಾಲದಲ್ಲಿ ಸಿದ್ಧರಾಮರ ಒಕ್ಕಲು ಒಂದೇ ಪಟ್ಟಿಗೆ ಸಿಗುವಂಥದ್ದಲ್ಲ. ಕರ್ನಾಟಕದಲ್ಲಿ ಅವರನ್ನು ಕುಲಗುರುವೆಂದು ಹಿಡಿದವರು ಕಲ್ಲು ಒಡೆದು ಕೆರೆ ಕಟ್ಟಿದ ಭೋವಿ ಸಮಾಜದವರು. ಚಿತ್ರದುರ್ಗದಲ್ಲಿ ಅವರ ಗುರುಪೀಠವಿದೆ, ಸಂಕ್ರಾಂತಿಯ ಹೊತ್ತಿಗೆ ಸರ್ಕಾರಿ ಜಯಂತಿಯೂ ನಡೆಯುತ್ತದೆ.

ಜಾತ್ರೆಯೂ ಸೊಲ್ಲಾಪುರ ಒಂದರಲ್ಲೇ ನಿಂತಿಲ್ಲ. ಅಕ್ಕಲಕೋಟ ತಾಲ್ಲೂಕಿನ ದುಧನಿಯಲ್ಲಿ, ಗಡಿಯಾಚೆ ವಿಜಯಪುರದಲ್ಲಿ ಅದೇ ಸಂಕ್ರಮಣಕ್ಕೆ ನಂದಿಧ್ವಜಗಳು ಏಳುತ್ತವೆ, ಎಣ್ಣೆಮಜ್ಜನ, ಅಕ್ಷತೆ, ಹೋಮ ಅದೇ ಕ್ರಮದಲ್ಲಿ ನಡೆಯುತ್ತವೆ. ವಿಜಯಪುರದ ಜಾತ್ರೆಗೆ ಜಾನುವಾರು ಸಂತೆಯ ಹೆಸರು ದೊಡ್ಡದು. 2021ರ ಕೊರೊನಾ ಕಾಲದಲ್ಲಿ ಸೊಲ್ಲಾಪುರದ ಮೆರವಣಿಗೆಗೆ ತಡೆಬಿದ್ದು ವಿಧಿಗಳು ಕೆಲವೇ ಮಾನಕರಿಗಳ ನಡುವೆ ಮುಗಿದಿದ್ದವು. ನಿರ್ಬಂಧ ಸಡಿಲಿದ ಮೇಲೆ ಏಳೂ ಧ್ವಜಗಳು ಮತ್ತೆ ಬೀದಿಗೆ ಬಂದಿವೆ.