ಮೂಡುಬಿದಿರೆಯ ತಾಳೆಗರಿ, ಗಿರಿನಾರಿನ ಗುರು

ಬಂಟ್ವಾಳದಿಂದ ಸಿದ್ದಕಟ್ಟೆ ದಾರಿಯಾಗಿ ಬನ್ನಿ, ಬೆಳ್ತಂಗಡಿಯಿಂದ ವೇಣೂರು ದಾರಿಯಾಗಿ ಬನ್ನಿ, ಬಸ್ಸು ಮುಟ್ಟುವುದು ಮೂಡುಬಿದಿರೆಗೇ. ನಾನು ಎಷ್ಟೋ ಸಲ ಬಂದಿದ್ದೇನೆ. ಸಾವಿರ ಕಂಬದ ಬಸದಿ ಎದುರು ಸೆಲ್ಫಿಯೂ ತೆಗೆದದ್ದುಂಟು. ಆದರೆ ಅಲ್ಲೇ ಹತ್ತಿರದ ಗುರು ಬಸದಿಗೆ ‘ಸಿದ್ಧಾಂತ ಬಸದಿ’ ಅಂತ ಯಾಕೆ ಹೇಳ್ತಾರೆ ಅಂತ ಕೇಳಿದ್ದು ಮಾತ್ರ ತುಂಬಾ ತಡವಾಗಿ.

ಉತ್ತರಕ್ಕೆ ಸುಮಾರು ಎರಡು ಸಾವಿರ ವರ್ಷ ಹಿಂದೆ, ಗುಜರಾತಿನ ಗಿರಿನಾರ್ ಬೆಟ್ಟಕ್ಕೆ ಹೋಗಬೇಕು. ಅಲ್ಲಿನ ಗುಹೆಯಲ್ಲಿ ಧರಸೇನಾಚಾರ್ಯರು ಅಂತ ಒಬ್ಬ ಜೈನ ಮುನಿ ಇದ್ದರು. ಆಗ ಶಾಸ್ತ್ರ ಇದ್ದದ್ದು ಪುಸ್ತಕದಲ್ಲಿ ಅಲ್ಲ, ನೆನಪಿನಲ್ಲಿ. ಗುರು ಹೇಳಬೇಕು, ಶಿಷ್ಯ ಬಾಯಿಪಾಠ ಮಾಡಬೇಕು. ಧರಸೇನರಿಗೆ ವಯಸ್ಸಾಗಿತ್ತು. ತಾನು ಹೋದರೆ ತನಗೆ ಗೊತ್ತಿದ್ದದ್ದೂ ಹೋಯ್ತು ಅನ್ನುವ ಹೆದರಿಕೆ. ಹಾಗಾಗಿ ಮುನಿಗಳ ಸಂಘಕ್ಕೆ ಪತ್ರ ಕಳಿಸಿದರು. ಇಬ್ಬರು ಬಂದರು.

ಪರಂಪರೆ ಹೇಳುವ ಕಥೆ ಇಲ್ಲಿ ಚಂದ ಉಂಟು. ಧರಸೇನರು ಇಬ್ಬರಿಗೂ ಒಂದೊಂದು ಮಂತ್ರ ಕೊಟ್ಟರು. ಒಂದರಲ್ಲಿ ಅಕ್ಷರ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಜಪಿಸಿದಾಗ ಒಬ್ಬರ ಎದುರು ಹಲ್ಲುಬ್ಬಿನ ದೇವಿ, ಮತ್ತೊಬ್ಬರ ಎದುರು ಒಕ್ಕಣ್ಣಿನ ದೇವಿ! ‘ದೇವತೆಗಳು ಹೀಗಿರುವುದಿಲ್ಲ, ತಪ್ಪಿರುವುದು ಮಂತ್ರದಲ್ಲಿ’ ಅಂತ ಅವರೇ ಕಂಡುಕೊಂಡು ತಿದ್ದಿದರು. ಗುರುವಿಗೆ ಬೇಕಿದ್ದದ್ದು ಅದೇ. ಕೊಟ್ಟದ್ದನ್ನು ಸುಮ್ಮನೆ ಒಪ್ಪುವವರಲ್ಲ, ಪರೀಕ್ಷಿಸಿ ನೋಡುವವರು. ಪಾಠ ಮುಗಿದ ದಿನವೇ ಇಬ್ಬರನ್ನೂ ಕಳಿಸಿಬಿಟ್ಟರಂತೆ.

ಅವರೇ ಪುಷ್ಪದಂತ ಮತ್ತು ಭೂತಬಲಿ. ಪುಷ್ಪದಂತರು ಬಂದದ್ದು ನಮ್ಮ ಬನವಾಸಿಗೆ! ಅಲ್ಲಿ ಮೊದಲ 177 ಸೂತ್ರ ರಚಿಸಿ, ಶಿಷ್ಯ ಜಿನಪಾಲಿತನ ಕೈಯಲ್ಲಿ ಭೂತಬಲಿಗೆ ಕಳಿಸಿದರು. ಉಳಿದದ್ದನ್ನು ಭೂತಬಲಿ ಪೂರ್ತಿ ಮಾಡಿದರು. ಅದೇ ‘ಷಟ್ಖಂಡಾಗಮ’. ಒಂಬತ್ತನೇ ಶತಮಾನದ ಹೊತ್ತಿಗೆ ವೀರಸೇನರು ಅದಕ್ಕೆ ‘ಧವಲಾ’ ಎಂಬ ದೊಡ್ಡ ವ್ಯಾಖ್ಯಾನ ಬರೆದರು. ಅಳತೆಯಲ್ಲಿ 72,000 ಶ್ಲೋಕದಷ್ಟು.

ಈ ಧವಲಾದ ಹಳೆಯ ತಾಳೆಗರಿ ಪ್ರತಿಗಳು ಉಳಿದದ್ದು ಮೂಡುಬಿದಿರೆಯಲ್ಲಿ. ಭಾಷೆ ಪ್ರಾಕೃತ, ಸಂಸ್ಕೃತ, ಲಿಪಿ ಹಳೆಗನ್ನಡ. ಬಸದಿಗೆ ‘ಸಿದ್ಧಾಂತ’ ಅಂತ ಹೆಸರು ಬಂದದ್ದು ಇವುಗಳಿಂದ.

ಆದರೆ ಇಲ್ಲೊಂದು ಪೇಚು. ಯಾತ್ರಿಕರು ಬಂದು ಗರಿಗಳ ದರ್ಶನ ಮಾಡುತ್ತಿದ್ದರು, ಕೈ ಮುಗಿಯುತ್ತಿದ್ದರು. ಓದುವವರು ಮಾತ್ರ ಇರಲಿಲ್ಲ. ಗರಿಗೂ ವಯಸ್ಸಾಗುತ್ತದಲ್ಲ? ಹತ್ತೊಂಬತ್ತನೇ ಶತಮಾನದ ಕೊನೆಗೆ ನಕಲು ಕೆಲಸ ಶುರುವಾಯಿತು. ನಕಲೂ ಊರು ಬಿಟ್ಟು ಹೊರಗೆ ಹೋಗಬಾರದು ಅಂತ ಷರತ್ತು. ನಕಲು ಮಾಡುತ್ತಿದ್ದ ಗಜಪತಿ ಶಾಸ್ತ್ರಿಗಳು ಹೆಂಡತಿ ಲಕ್ಷ್ಮೀಬಾಯಿಯ ಸಹಾಯದಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿಕೊಂಡರು. ಅದು ಉತ್ತರದ ಸಹಾರನ್‌ಪುರ ಸೇರಿತು. ಅಲ್ಲಿಂದ ಮುಂದಕ್ಕೆ ಪ್ರತಿಗಳು ಹರಡಿದವು. 1939ರಲ್ಲಿ ಹೀರಾಲಾಲ್ ಜೈನ್ ಸಂಪಾದನೆಯಲ್ಲಿ ಮೊದಲ ಸಂಪುಟ ಅಚ್ಚಾಯಿತು. ಒಟ್ಟು 16 ಸಂಪುಟ. ಮುಂದೆ ಮೂಲ ಗರಿಗಳ ಜೊತೆ ಹೋಲಿಸಿ ತಿದ್ದಲು ಮೂಡುಬಿದಿರೆಯೂ ಬಾಗಿಲು ತೆರೆಯಿತು.

ಗಜಪತಿ ಶಾಸ್ತ್ರಿಗಳು ಮಾಡಿದ್ದು ಸರಿಯಾ? ಮಾತು ಮುರಿದದ್ದು ಹೌದು. ಆದರೆ ಕಾಪಾಡಿದವರಿಲ್ಲದಿದ್ದರೆ ನಕಲು ಮಾಡಲಿಕ್ಕೆ ಏನೂ ಇರುತ್ತಿರಲಿಲ್ಲ, ಅದೂ ಹೌದು. ನನಗೆ ಮಾತ್ರ ಗಿರಿನಾರಿನ ಆ ಅಜ್ಜನ ಹೆದರಿಕೆಯೇ ನೆನಪಾಗುತ್ತದೆ. ಅವರು ಪತ್ರ ಬರೆದದ್ದು ಪೂಜೆ ಮಾಡುವವರಿಗಾಗಿ ಅಲ್ಲ, ಕಲಿಯುವವರಿಗಾಗಿ.

ನಿಮ್ಮ ಮನೆಯಲ್ಲೂ ಅಜ್ಜಿಗೆ ಮಾತ್ರ ಗೊತ್ತಿರುವ ಪಾಡ್ದನವೋ, ಮದ್ದೋ ಇರಬಹುದು. ಈ ಸಂಚಿಕೆ ಮುಗಿದ ಮೇಲೆ ಫೋನಿನ ರೆಕಾರ್ಡರ್ ಒತ್ತಿ, ಎದುರು ಕೂತು ಕೇಳಿ. ಅರ್ಥ ಆಗದಿದ್ದರೆ ಮತ್ತೆ ಕೇಳಿ. ಮುಂದಿನ ವಾರ ಸಿಗುವ.