ಶಾಲಾ ಚೀಲದ ಭಾರ ಮತ್ತು ಗ್ರಾಮ ಪಂಚಾಯಿತಿ

ನ್ಯಾಮತಿ ತಾಲ್ಲೂಕಿನ ಸವಳಂಗವು ಶಿವಮೊಗ್ಗ–ಶಿಕಾರಿಪುರ ರಸ್ತೆಯ ಮೇಲಿರುವ ಊರು. ಇಂಥ ರಸ್ತೆಬದಿಯ ಊರುಗಳಲ್ಲಿ ಬೆಳಗಿನ ಹೊತ್ತು ನಿಂತು ನೋಡಿದರೆ, ಅಕ್ಕಪಕ್ಕದ ಹಳ್ಳಿಗಳಿಂದ ನಡೆದು ಬಂದ ಮಕ್ಕಳು ಬೆನ್ನಿಗೆ ಚೀಲ ಹೊತ್ತು, ಮುಂದಕ್ಕೆ ಬಾಗಿ ಬಸ್ಸಿಗೆ ಕಾಯುತ್ತಿರುವುದು ಕಾಣುತ್ತದೆ. ಹಾಗೆ ಬಾಗಿ ನಿಲ್ಲುವುದೇ ಭಾರ ಹೆಚ್ಚಾಗಿದೆ ಎಂಬುದರ ಮೊದಲ ಗುರುತು.

ಚೀಲವು ದೇಹವನ್ನು ಹಿಂದಕ್ಕೆ ಎಳೆಯುವುದರಿಂದ ಸಮತೋಲನಕ್ಕಾಗಿ ಮಗು ಮುಂದಕ್ಕೆ ಬಾಗುತ್ತದೆ. ಕುತ್ತಿಗೆ, ಭುಜ ಹಾಗೂ ಸೊಂಟದ ಸ್ನಾಯುಗಳು ಬಿಗಿದುಕೊಂಡು ನೋಯುತ್ತವೆ. ಒಂದೇ ಹೆಗಲಿಗೆ ಚೀಲ ತೂಗುಹಾಕಿಕೊಂಡರೆ ಶ್ರಮವೆಲ್ಲ ಒಂದೇ ಪಕ್ಕಕ್ಕೆ ಬೀಳುತ್ತದೆ. ಚೀಲ ಹೊತ್ತದ್ದರಿಂದಲೇ ಬೆನ್ನುಮೂಳೆ ಶಾಶ್ವತವಾಗಿ ಡೊಂಕಾಗುತ್ತದೆ ಎಂಬ ಭಯಕ್ಕೆ ಗಟ್ಟಿಯಾದ ವೈದ್ಯಕೀಯ ಆಧಾರವಿಲ್ಲ. ಪೋಷಕರನ್ನು ಹೆದರಿಸುವ ಅಗತ್ಯವೂ ಇಲ್ಲ. ಆದರೆ ಚೀಲ ಇಳಿಸಿದ ಮೇಲೂ ನೋವು ಉಳಿದರೆ, ಕೈ ಜೋಮು ಹಿಡಿದರೆ ಅಥವಾ ರಾತ್ರಿ ನೋವಿನಿಂದ ಎಚ್ಚರವಾಗುತ್ತಿದ್ದರೆ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯತಕ್ಕದ್ದು.

ಈ ವಿಷಯ ಹೊಸದಲ್ಲ. ಮೈಸೂರಿನ ಲೇಖಕ ಆರ್.ಕೆ. ನಾರಾಯಣ್ ಅವರು ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದಾಗ ಮಕ್ಕಳ ಚೀಲದ ಹೊರೆಯ ಕುರಿತೇ ಮಾತನಾಡಿದ್ದರು. ತರುವಾಯ ಯಶಪಾಲ್ ಸಮಿತಿಯು 1993ರಲ್ಲಿ ವರದಿ ನೀಡಿತು. ನಮ್ಮ ರಾಜ್ಯ ಸರ್ಕಾರವು 2019ರ ಮೇ ತಿಂಗಳಿನಲ್ಲಿ ಹೊರಡಿಸಿದ ಆದೇಶದಂತೆ ಚೀಲದ ತೂಕವು 1 ಮತ್ತು 2ನೇ ತರಗತಿಗೆ 1.5ರಿಂದ 2 ಕೆ.ಜಿ., 3ರಿಂದ 5ನೇ ತರಗತಿಗೆ 2ರಿಂದ 3 ಕೆ.ಜಿ., 6ರಿಂದ 8ಕ್ಕೆ 3ರಿಂದ 4 ಕೆ.ಜಿ., 9 ಮತ್ತು 10ಕ್ಕೆ 4ರಿಂದ 5 ಕೆ.ಜಿ. ಮೀರಬಾರದು. ತಿಂಗಳ ಮೂರನೇ ಶನಿವಾರ ಚೀಲರಹಿತ ದಿನ. ಕೇಂದ್ರದ 2020ರ ಶಾಲಾ ಚೀಲ ನೀತಿಯು ಮಗುವಿನ ತೂಕದ ಶೇ. 10ನ್ನು ಮಿತಿಯಾಗಿ ಇಟ್ಟಿದೆ. ಅಂದರೆ 28 ಕೆ.ಜಿ. ತೂಕದ ಮಗುವಿಗೆ 2.8 ಕೆ.ಜಿ. ಮಾತ್ರ.

ಇದೆಲ್ಲ ಶಿಕ್ಷಣ ಇಲಾಖೆಯ ಕೆಲಸ, ಪಂಚಾಯಿತಿಗೇನು ಸಂಬಂಧ ಎಂದು ಕೆಲವು ಸದಸ್ಯರು ಕೇಳಬಹುದು. ಚೀಲ ಬಿಚ್ಚಿ ನೋಡಿದರೆ ಉತ್ತರ ದೊರೆಯುತ್ತದೆ. ಒಂದು ಲೀಟರ್ ನೀರು ಒಂದು ಕೆ.ಜಿ. ತೂಗುತ್ತದೆ. ಮೇಲಿನ ಲೆಕ್ಕದ ಮಗುವಿಗೆ ಅನುಮತಿಸಿದ ಭಾರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರಿಯ ನೀರಿನದೇ ಆಯಿತು! ಶಾಲೆಯ ನಲ್ಲಿಯಲ್ಲಿ ನಂಬಿ ಕುಡಿಯಬಹುದಾದ ನೀರಿದ್ದರೆ ಮಗು ಖಾಲಿ ಬಾಟಲಿಯನ್ನು ತಂದರೆ ಸಾಕು. ಜಗಳೂರಿನಂಥ ಬರಪೀಡಿತ ತಾಲ್ಲೂಕಿನಲ್ಲಿ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವ ಕಡೆಗಳಲ್ಲಿ, ಮಕ್ಕಳು ಮನೆಯಿಂದ ನೀರು ಹೊರುವುದು ಅನಿವಾರ್ಯವೇ ಆಗುತ್ತದೆ. ಅಲ್ಲಿ ಶಾಲೆಗೆ ಶುದ್ಧ ನೀರು ಒದಗಿಸುವುದೆಂದರೆ ಮಕ್ಕಳ ಬೆನ್ನಿನ ಭಾರವನ್ನು ನೇರವಾಗಿ ಇಳಿಸಿದಂತೆ.

ಎರಡನೆಯದು ಪುಸ್ತಕ. ಪ್ರತಿದಿನ ಬೇಡದ ಅಭ್ಯಾಸ ಪುಸ್ತಕ, ನಿಘಂಟು, ನಕ್ಷೆಗಳನ್ನು ಶಾಲೆಯಲ್ಲೇ ಇರಿಸಲು ಬೀಗವಿರುವ ಕಪಾಟು ಬೇಕು. ಕಪಾಟಿಲ್ಲದ ಕೊಠಡಿಯಲ್ಲಿ ವೇಳಾಪಟ್ಟಿಯನ್ನು ಎಷ್ಟು ಚೆನ್ನಾಗಿ ಮಾಡಿದರೂ ಮಗು ಎಲ್ಲವನ್ನೂ ಹೊತ್ತೇ ತಿರುಗುತ್ತದೆ. ಈ ಬೇಡಿಕೆಯನ್ನು ಎಸ್‌ಡಿಎಂಸಿ ಸಭೆಯಲ್ಲಿ ಚರ್ಚಿಸಿ, ಗ್ರಾಮ ಪಂಚಾಯಿತಿಯ ಕ್ರಿಯಾಯೋಜನೆಗೆ ತರಬಹುದು.

ತೂಕ ನೋಡಲು ಖರ್ಚೇನೂ ಇಲ್ಲ. ಮಗುವನ್ನು ತೂಕದ ಯಂತ್ರದ ಮೇಲೆ ಮೊದಲು ಚೀಲವಿಲ್ಲದೆ, ಬಳಿಕ ಚೀಲದೊಡನೆ ನಿಲ್ಲಿಸಿದರೆ ವ್ಯತ್ಯಾಸವೇ ಚೀಲದ ಭಾರ. ಮಕ್ಕಳ ಗ್ರಾಮಸಭೆಯ ದಿನ ಇದನ್ನು ಮಾಡಿದರೆ ಮಕ್ಕಳೇ ಉತ್ಸಾಹದಿಂದ ಲೆಕ್ಕ ಬರೆದುಕೊಳ್ಳುತ್ತಾರೆ. ಅದೇ ಸಂದರ್ಭದಲ್ಲಿ ಹೊರುವ ಕ್ರಮವನ್ನೂ ತಿಳಿಸಬಹುದು: ಅಗಲವಾದ ಎರಡೂ ಪಟ್ಟಿಗಳನ್ನು ಹೆಗಲಿಗೆ ಹಾಕಿ ಬಿಗಿಗೊಳಿಸಬೇಕು, ಭಾರದ ಪುಸ್ತಕ ಬೆನ್ನಿಗೆ ತಾಗಿರಬೇಕು, ಚೀಲ ಸೊಂಟಕ್ಕಿಂತ ಕೆಳಗೆ ಜೋತಾಡಬಾರದು, ಎತ್ತುವಾಗ ಮೊಣಕಾಲು ಬಗ್ಗಿಸಬೇಕು. ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡ ಚೀಲ ಕೊಳ್ಳುವ ಪೋಷಕರಿಗೆ, ಜಾಗವಿದ್ದಷ್ಟೂ ಮಗು ತುಂಬಿಕೊಳ್ಳುತ್ತದೆ ಎಂದು ಹೇಳುವುದು ಒಳಿತು.

ಇನ್ನು ಬಸ್ ತಂಗುದಾಣ. ಹೊಸದಾಗಿ ಕಟ್ಟಿಸುವಾಗ ಅಥವಾ ದುರಸ್ತಿ ಮಾಡಿಸುವಾಗ, ಕುಳಿತ ಮಗುವಿನ ಬೆನ್ನ ಹಿಂದೆ ಚೀಲ ಆಸರೆ ಪಡೆಯುವಷ್ಟು ಅಗಲವಾದ ಕಲ್ಲುಹಾಸಿನ ಜಗಲಿಯನ್ನು ಅಂದಾಜುಪಟ್ಟಿಯಲ್ಲಿ ಸೇರಿಸುವಂತೆ ಸದಸ್ಯರು ಕೇಳಬಹುದು.