ಪೈಥಾನ್ ಓಡದಿದ್ದಾಗ

ವಿಂಡೋಸ್ ಕಂಪ್ಯೂಟರಿನಲ್ಲಿ ಪೈಥಾನ್ ಇನ್‌ಸ್ಟಾಲ್ ಮಾಡಿದ ಮೇಲೂ ಕಮಾಂಡ್ ಪ್ರಾಂಪ್ಟಿನಲ್ಲಿ ‘ಪೈಥಾನ್’ ಎಂದು ಟೈಪ್ ಮಾಡಿದರೆ, ಅಂಥ ಕಮಾಂಡೇ ಗೊತ್ತಿಲ್ಲವೆಂಬ ಉತ್ತರ ಬರುವುದುಂಟು. ಹೊಸಬರು ಕೂಡಲೇ ಅದನ್ನು ತೆಗೆದು ಮತ್ತೆ ಹಾಕತೊಡಗುತ್ತಾರೆ. ಬಹುಪಾಲು ಅದು ವ್ಯರ್ಥ ಶ್ರಮ. ಪ್ರೋಗ್ರಾಂ ಡಿಸ್ಕಿನಲ್ಲೇ ಇರುತ್ತದೆ, ಎಲ್ಲಿ ಹುಡುಕಬೇಕೆಂಬುದು ಮಾತ್ರ ವಿಂಡೋಸಿಗೆ ತಿಳಿದಿರುವುದಿಲ್ಲ.

ಹೀಗೆ ಹುಡುಕಬೇಕಾದ ಫೋಲ್ಡರುಗಳ ಪಟ್ಟಿಗೆ ‘ಪಾತ್’ ಎಂದು ಹೆಸರು. ಕಮಾಂಡ್ ಪ್ರಾಂಪ್ಟ್ ಮೊದಲು ತಾನಿರುವ ಫೋಲ್ಡರನ್ನು, ಆಮೇಲೆ ಈ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಹೋಗಿ, ಆ ಹೆಸರಿನ ಫೈಲ್ ಮೊದಲು ಸಿಕ್ಕಲ್ಲಿಗೆ ನಿಲ್ಲುತ್ತದೆ. ಎರಡು ಆವೃತ್ತಿಗಳಿದ್ದಾಗ ಹಲವೊಮ್ಮೆ ಹಳೆಯದೇ ಓಡುವುದಕ್ಕೂ ಇದೇ ಕಾರಣ. ‘ವೇರ್ ಪೈಥಾನ್’ ಎಂಬ ಕಮಾಂಡ್ ಸಿಕ್ಕ ಫೈಲುಗಳನ್ನೆಲ್ಲ ಅದೇ ಕ್ರಮದಲ್ಲಿ ತೋರಿಸುತ್ತದೆ. ‘ವಿಂಡೋಸ್‌ಆಪ್ಸ್’ ಫೋಲ್ಡರಿನ ಸಾಲೊಂದೇ ಕಂಡರೆ, ಅದು ಬಹುಶಃ ಮೈಕ್ರೋಸಾಫ್ಟ್ ಸ್ಟೋರಿಗೆ ಕರೆದೊಯ್ಯುವ ಬರಿಯ ಕೊಂಡಿ. ವಿಂಡೋಸ್ 10 ಮತ್ತು 11ರ ಸೆಟ್ಟಿಂಗ್ಸಿನಲ್ಲಿ ಅದನ್ನು ಆಫ್ ಮಾಡಬಹುದು.

ಪೈಥಾನಿನ ರೂಢಿಯ ಇನ್‌ಸ್ಟಾಲರಿನ ಮೊದಲ ಪರದೆಯ ಅಡಿಯಲ್ಲಿ ಪಾತ್‌ಗೆ ಸೇರಿಸುವ ಚೌಕವಿದೆ. ಇಷ್ಟೊಂದು ಜನ ಎಡವುವ ಆ ಚೌಕಕ್ಕೆ ಮೊದಲೇ ಟಿಕ್ ಹಾಕಿಡದಿರುವುದು ವಿಚಿತ್ರವೇ. ಅದು ತಪ್ಪಿಹೋಗಿದ್ದರೆ ಇನ್‌ಸ್ಟಾಲರನ್ನು ಮತ್ತೆ ತೆರೆದು ‘ಮಾಡಿಫೈ’ ಆರಿಸಬಹುದು, ಇಲ್ಲವೇ ಎನ್ವಿರಾನ್‌ಮೆಂಟ್ ವೇರಿಯಬಲ್ಸ್‌ನಲ್ಲಿ ಫೋಲ್ಡರಿನ ವಿಳಾಸವನ್ನು ಕೈಯಾರೆ ಸೇರಿಸಬಹುದು. ಈ ಬದಲಾವಣೆ ಆಗಲೇ ತೆರೆದಿರುವ ಕಮಾಂಡ್ ಪ್ರಾಂಪ್ಟಿಗೆ ತಟ್ಟುವುದಿಲ್ಲ. ಅದನ್ನು ಮುಚ್ಚಿ ಹೊಸದನ್ನು ತೆರೆಯಬೇಕು.